ಎಳೆಬಿಸಿಲಿಗೆ ವಯಸ್ಸೆಷ್ಟು?

ಎಳೆ ಮಗು, ಎಳೆಗರು, ಎಳೆ ಸೌತೆಕಾಯಿ, ಎಳೆ ಬೆಂಡೆ, ಎಳನೀರು, ಎಳನಗೆ. ಈ ಸಾಲಿಗೆ ಇನ್ನೊಂದು ಪದ ಸೇರಿಸಿ ನೋಡಿ: ಎಳೆಬಿಸಿಲು. ಮಗು ಎಳೆಯದು ಎಂದರೆ ಸರಿ, ಸೌತೆಕಾಯಿ ಎಳೆಯದು ಎಂದರೂ ಸರಿ. ಆದರೆ ಸೂರ್ಯನಿಗೆ ಸುಮಾರು 460 ಕೋಟಿ ವರ್ಷ ವಯಸ್ಸು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಅಷ್ಟು ಹಳೆಯ ಸೂರ್ಯನ ಬಿಸಿಲು ಎಳೆಯದಾಗುವುದು ಹೇಗೆ?

ಮಕ್ಕಳೇ, ಈ ಪ್ರಶ್ನೆಯನ್ನು ನಿಮ್ಮ ಅಜ್ಜಿಗೆ ಕೇಳಿ ನೋಡಿ. ಅಜ್ಜಿ ನಕ್ಕು, 'ಬೆಳಗಿನ ಬಿಸಿಲಿಗೆ ಹಾಗಂತಾರೆ ಕಣೋ' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಉತ್ತರ ಸರಿಯೇ. ಆದರೆ ಆ ಒಂದು ಮಾತಿನ ಒಳಗೆ ಎಷ್ಟು ಸರಕು ಇದೆ ಎಂಬುದನ್ನು ಬಿಡಿಸಿ ನೋಡೋಣ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಭಾಷಾಪಂಡಿತನಲ್ಲ. ಲೆಕ್ಕ ತಾಳೆ ನೋಡುವ ಚಟ ಮಾತ್ರ ನಿವೃತ್ತಿಯ ನಂತರವೂ ಬಿಟ್ಟಿಲ್ಲ. ಈಗ ಅಂಕಿಗಳ ಬದಲು ಪದಗಳನ್ನು ತಾಳೆ ನೋಡುತ್ತೇನೆ, ಅಷ್ಟೇ ವ್ಯತ್ಯಾಸ.

ಬಿಸಿಲಿನಲ್ಲಿ ಬಿಸಿ, ಬೆಳ್ದಿಂಗಳಿನಲ್ಲಿ ಬಿಳಿ

ಮೊದಲು 'ಬಿಸಿಲು' ಎಂಬ ಪದವನ್ನೇ ನೋಡಿ. ಅದರ ಹೊಟ್ಟೆಯಲ್ಲೇ 'ಬಿಸಿ' ಇದೆ. ತಮಿಳಿನ 'ವೆಯಿಲ್' ಇದರ ದಾಯಾದಿ. ಚಂದ್ರನ ಬೆಳಕಿಗೆ ನಾವು ಇಟ್ಟ ಹೆಸರು ಬೆಳ್ದಿಂಗಳು. ಬೆಳ್ ಎಂದರೆ ಬಿಳುಪು, ತಿಂಗಳ್ ಎಂದರೆ ಚಂದ್ರ. ನಮ್ಮ ಹಿರಿಯರು ಚಂದ್ರನನ್ನು ಕಣ್ಣಿನಿಂದ ನೋಡಿ ಹೆಸರಿಟ್ಟರು, ಸೂರ್ಯನಿಗೆ ಮೈಯೊಡ್ಡಿ ಹೆಸರಿಟ್ಟರು. ಹೀಗಾಗಿ ಬಿಸಿಲು ಎಂಬುದು ಬರಿಯ ಬೆಳಕಲ್ಲ, ಮೈಗೆ ತಾಗುವ ಶಾಖ. ಮನೆಯೊಳಗೆ ಬೆಳಕು ಬರುತ್ತದೆ, ಅಂಗಳದಲ್ಲಿ ಬಿಸಿಲು ಬೀಳುತ್ತದೆ ಎನ್ನುತ್ತೇವಲ್ಲ, ಆ ವ್ಯತ್ಯಾಸ ಇದೇ.

ಇನ್ನು 'ಎಳೆ'. ಇದು ಸ್ವಲ್ಪ ಗೊಂದಲದ ಗಿರಾಕಿ. ಕನ್ನಡದಲ್ಲಿ ಮೂರು 'ಎಳೆ'ಗಳಿವೆ. ಹಗ್ಗ ಎಳೆ ಎಂದರೆ ಜಗ್ಗು. ನೂಲಿನ ಎಳೆ ಎಂದರೆ ದಾರ. ಎಳೆ ಮಗು ಎಂದರೆ ಹಸುಳೆ. ಕಿಟಕಿಯ ಸಂದಿಯಿಂದ ಬಿಸಿಲು ದಾರದ ಹಾಗೆ ಸಣ್ಣಗೆ ಒಳಗೆ ಬರುವುದರಿಂದ ಅದು ಎಳೆಬಿಸಿಲು ಎಂದು ಯಾರಾದರೂ ಹೇಳಿದರೆ ಕೇಳಲು ಚೆಂದವಾಗಿಯೇ ಇರುತ್ತದೆ. ಆದರೆ ಅದು ಬಿಸಿಲುಕೋಲು, ಎಳೆಬಿಸಿಲಲ್ಲ.

ಈ ಮೂರು ಎಳೆಗಳು ಹುಟ್ಟಿನಿಂದ ಒಂದೇ ಅಲ್ಲ. ಹಳಗನ್ನಡದಲ್ಲಿ ೞ ಎಂಬ ಇನ್ನೊಂದು ಅಕ್ಷರವಿತ್ತು. ದಾರದ ಎಳೆಯೂ ಜಗ್ಗುವ ಎಳೆಯೂ ಆ ಅಕ್ಷರದವು. ಹಸುಳೆಯ ಎಳೆ ಮಾತ್ರ ನಮ್ಮ ಈಗಿನ ಳಕಾರದ್ದು. ೞ ಬಳಕೆಯಿಂದ ಬಿಟ್ಟುಹೋದ ಮೇಲೆ ಮೂರೂ ಒಂದೇ ವೇಷ ತೊಟ್ಟವು. ತಮಿಳಿನಲ್ಲಿ ಇಂದಿಗೂ ದಾರಕ್ಕೆ 'ಇೞೈ', ಹರೆಯಕ್ಕೆ 'ಇಳಮೈ' ಎಂದು ಅಕ್ಷರ ಬೇರೆ ಬೇರೆಯಾಗಿಯೇ ಉಳಿದಿದೆ.

ದಾರದ ಎಳೆಯನ್ನು ನೋಡಬೇಕೆಂದರೆ ಸಂಡೂರಿಗೆ ಹೋಗಬೇಕು. ಅಲ್ಲಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯತಂಡದ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಸಿದ್ಧಪಡಿಸಿದ ಕಸೂತಿಯ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಬಣ್ಣದ ಎಳೆಯನ್ನು ಸೂಜಿಗೆ ಪೋಣಿಸಲು ಕಣ್ಣು ಕುಕ್ಕದ, ಮೆತ್ತಗಿನ ಬೆಳಕು ಬೇಕು. ಎಳೆಬಿಸಿಲಿನಲ್ಲಿ ಎಳೆ ಎಳೆಯುವುದು ಎಂದರೆ ಮೂರೂ ಎಳೆಗಳು ಒಂದೇ ವಾಕ್ಯದಲ್ಲಿ ಕೂತಂತಾಯಿತು!

ಶಾಲೆಯ ಮಕ್ಕಳಿಗೆ ಒಂದು ಮಾತು. ಹಿರಿದಾದ ಮರ ಹೆಮ್ಮರ ಆಗುವಂತೆ ಎಳೆದಾದ ಬಿಸಿಲು ಎಳೆಬಿಸಿಲು. ಇದು ಕರ್ಮಧಾರಯ ಸಮಾಸ. ಆದ್ದರಿಂದ ಎರಡು ತುಂಡು ಮಾಡದೆ ಕೂಡಿಸಿ ಬರೆಯುವುದು ಒಳ್ಳೆಯದು. 'ಎಳಬಿಸಿಲು' ಎಂದರೂ ತಪ್ಪಿಲ್ಲ. ನಮ್ಮ ಹೊಸಪೇಟೆ, ಕಂಪ್ಲಿ ಕಡೆಯ ಆಡುಮಾತಿನಲ್ಲಿ ಅದು 'ಎಳಿ ಬಿಸಲು'.

ಬಲದ ಮಾತಲ್ಲ, ವಯಸ್ಸಿನ ಮಾತು

ಬಹಳ ಜನ ಎಳೆಬಿಸಿಲು ಎಂದರೆ 'ಕಡಿಮೆ ಬಿಸಿಲು' ಎಂದುಕೊಂಡಿದ್ದಾರೆ. ಇಲ್ಲಿಯೇ ಸ್ವಲ್ಪ ನಿಂತು ನೋಡಬೇಕು.

ಡಿಸೆಂಬರ್ ತಿಂಗಳ ನಡುಹಗಲು. ಮೋಡ ಮುಸುಕಿದೆ, ಬಿಸಿಲು ಹಿತವಾಗಿದೆ. ಅದನ್ನು ಎಳೆಬಿಸಿಲು ಎನ್ನುತ್ತೇವೆಯೇ? ಇಲ್ಲ. ಹೂಬಿಸಿಲು ಎನ್ನಬಹುದು, ಹದವಾದ ಬಿಸಿಲು ಎನ್ನಬಹುದು. ಮಳೆಗಾಲದಲ್ಲಿ ಮೋಡದ ಮರೆಯಿಂದ ಇಣುಕುವ ಮಂಕು ಬಿಸಿಲು? ಅದೂ ಎಳೆಯದಲ್ಲ. ಹನಿಯೂ ಬಿಸಿಲೂ ಒಟ್ಟಿಗೆ ಬಂದರೆ ನರಿಗೆ ಮದುವೆ ಎಂದು ಹುಡುಗರು ಕುಣಿಯುತ್ತಾರೆ, ಅದು ಮಳೆಬಿಸಿಲು. ಸಂಜೆ ಐದೂವರೆಗೆ ಬಂಗಾರದ ಬಣ್ಣದಲ್ಲಿ ಬೀಳುವ ಬಿಸಿಲು ಎಷ್ಟೇ ಮೆದುವಾಗಿದ್ದರೂ ಅದು ಇಳಿಬಿಸಿಲು ಅಥವಾ ಸಂಜೆಬಿಸಿಲು.

ಹಾಗಾದರೆ ಎಳೆತನ ಎಂದರೇನು? ಎಳೆ ಸೌತೆಕಾಯಿ ಎಂದರೆ ಸಣ್ಣ ಸೌತೆಕಾಯಿ ಎಂದಲ್ಲ, ಇನ್ನೂ ಬೆಳೆಯಲಿರುವ ಸೌತೆಕಾಯಿ ಎಂದು. ಎಳೆ ಮಗು ಎಂದರೆ ಶಕ್ತಿಯಿಲ್ಲದ ಮಗು ಎಂದಲ್ಲ, ಮುಂದೆ ದೊಡ್ಡದಾಗುವ ಮಗು ಎಂದು. ಎಳನಗೆ ಎಂದರೆ ತುಟಿಯಲ್ಲಿ ಆಗತಾನೇ ಮೂಡುತ್ತಿರುವ ನಗೆ. ಹಾಗೆಯೇ ಎಳೆಬಿಸಿಲು ಎಂದರೆ ಈಗ ಹುಟ್ಟಿದ, ಇನ್ನು ಬೆಳೆಯಲಿರುವ ಬಿಸಿಲು. 'ಇದು ಹೀಗೇ ಇರುವುದಿಲ್ಲ, ಏರುತ್ತದೆ, ಎಚ್ಚರ' ಎಂಬ ಮಾತು ಆ ಪದದೊಳಗೇ ಇದೆ. ಬಿಸಿಲು ಎಷ್ಟು ಬಿಸಿ ಎಂದು ಕೇಳಿದರೆ ಈ ಪದ ಉತ್ತರ ಹೇಳುವುದಿಲ್ಲ. ಬಿಸಿಲಿಗೆ ವಯಸ್ಸೆಷ್ಟು ಎಂದು ಕೇಳಿದರೆ ಹೇಳುತ್ತದೆ. ಹಿರಿಯರ ಲೆಕ್ಕದಲ್ಲಿ ಬಿಸಿಲು ದಿನವೂ ಹುಟ್ಟಿ, ಬೆಳೆದು, ಮುಪ್ಪಾಗಿ ಹೋಗುವ ಜೀವ.

ನೆರೆಯ ಭಾಷೆಗಳೂ ಹೀಗೆಯೇ ಯೋಚಿಸಿವೆ. ನಮ್ಮ ಕಂಪ್ಲಿ ಸೀಮೆಯಲ್ಲಿ ತೆಲುಗು ಮನೆಮಾತಿನವರು ಬಹಳ. ಅವರು ಬಿಸಿಲಿಗೆ 'ಎಂಡ' ಎನ್ನುತ್ತಾರೆ, ಎಳೆಬಿಸಿಲಿಗೆ 'ಲೇತ ಎಂಡ'. ಆ 'ಲೇತ' ಬೇರೆ ಯಾರೂ ಅಲ್ಲ, ಅಕ್ಷರ ಹಿಂದೆಮುಂದೆ ಮಾಡಿಕೊಂಡ ನಮ್ಮ 'ಎಳೆ'ಯ ಬಂಧು. ತಮಿಳರದು 'ಇಳವೆಯಿಲ್'. ಹೊಸಪೇಟೆಯ ಉರ್ದು ಮನೆಮಾತಿನ ಗೆಳೆಯರು ಬಿಸಿಲಿಗೆ 'ಧೂಪ್' ಎನ್ನುತ್ತಾರೆ. ನಮಗೆ ಧೂಪ ಎಂದರೆ ದೇವರ ಮುಂದಿನ ಹೊಗೆ. ಒಂದೇ ಓಣಿಯಲ್ಲಿ ಒಬ್ಬರ ಮನೆಯ ಧೂಪ ಒಳಗೆ, ಇನ್ನೊಬ್ಬರ ಧೂಪ್ ಹೊರಗೆ!

ಎಳಿ ಬಿಸಲು, ಇಳಿ ಬಿಸಲು

ಎಳೆ ಮತ್ತು ಇಳಿ, ನಮ್ಮ ಕಡೆಯ ಉಚ್ಚಾರದಲ್ಲಿ ಎಳಿ ಮತ್ತು ಇಳಿ. ಒಂದೇ ಅಕ್ಷರದ ಅಂತರ. ಈ ಅಂತರ ಕಾಲಿಗೇ ತಿಳಿಯಬೇಕೆಂದರೆ ಹಂಪಿಗೆ ಹೋಗಬೇಕು.

ಹಂಪಿಗೆ ಬಂದವರು ಸೂರ್ಯೋದಯಕ್ಕೆ ಮತಂಗ ಪರ್ವತ ಹತ್ತುತ್ತಾರೆ, ಸೂರ್ಯಾಸ್ತಕ್ಕೆ ಹೇಮಕೂಟಕ್ಕೆ ಹೋಗುತ್ತಾರೆ. ಫೋಟೋದಲ್ಲಿ ಎರಡೂ ಹೊತ್ತಿನ ಬಿಸಿಲು ಒಂದೇ ತರಹ ಕಾಣುತ್ತದೆ. ಅದೇ ಜೇನಿನ ಬಣ್ಣ, ಅದೇ ಉದ್ದ ನೆರಳು. ಆದರೆ ಚಪ್ಪಲಿ ಬಿಟ್ಟು ಬಂಡೆಯ ಮೇಲೆ ಕಾಲಿಡಿ. ಬೆಳಗಿನ ಬಂಡೆ ರಾತ್ರಿಯೆಲ್ಲ ಶಾಖ ಬಿಟ್ಟುಕೊಟ್ಟು ತಣ್ಣಗಾಗಿರುತ್ತದೆ. ಸಂಜೆಯ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ಇನ್ನೂ ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಂತೂ ಸೂರ್ಯ ಮುಳುಗಿದ ಮೇಲೂ ಆ ಕಲ್ಲುಗಳ ಪಕ್ಕದಲ್ಲಿ ನಡೆದರೆ ಒಲೆಯ ಪಕ್ಕದಲ್ಲಿ ನಡೆದ ಹಾಗಿರುತ್ತದೆ. ಗಾಳಿಯೂ ಅಷ್ಟೇ. ದಿನದ ಅತಿ ಹೆಚ್ಚು ಕಾವು ಇರುವುದು ಸೂರ್ಯ ನೆತ್ತಿಯ ಮೇಲಿರುವಾಗಲ್ಲ, ಅದಕ್ಕಿಂತ ಎರಡು ಮೂರು ತಾಸಿನ ಮೇಲೆ.

ಕಣ್ಣಿಗೆ ಒಂದೇ ಆದ ಎರಡು ಬಿಸಿಲಿಗೆ ಭಾಷೆ ಎರಡು ಹೆಸರು ಇಟ್ಟಿತು. ಒಂದು ಬೆಳೆಯಲಿರುವುದು, ಒಂದು ಬೆಳೆದು ಇಳಿದಿರುವುದು. ಮತಂಗ ಪರ್ವತದಿಂದ ಬೆಳಿಗ್ಗೆ ಇಳಿಯುವವರು ಬೇಗ ಇಳಿಯಬೇಕು, ಬಿಸಿಲು ಬೆನ್ನಟ್ಟಿ ಬರುತ್ತದೆ. ಹೇಮಕೂಟಕ್ಕೆ ಸಂಜೆ ಹತ್ತುವವರು ಸ್ವಲ್ಪ ತಡಮಾಡಬಹುದು, ಬಿಸಿಲು ತಾನೇ ಹೊರಟು ನಿಂತಿರುತ್ತದೆ. ಪ್ರವಾಸಿಗರ ಕೈಪಿಡಿಗೆ ಬೇಕಾದ ಬುದ್ಧಿಮಾತು ಎರಡು ಪದಗಳಲ್ಲೇ ಇದೆ.

ಬಿಸಿಲಿನ ಒಂದು ದಿನದ ಬಾಳು

ಎಳೆಬಿಸಿಲು ಮುಗಿದ ಮೇಲೆ ಬರುವುದು ಏರುಬಿಸಿಲು. ಆಮೇಲೆ ಬಿಸಿಲು 'ಚುರುಕಾಗುತ್ತದೆ', ಮೈ 'ಚುರುಗುಟ್ಟುತ್ತದೆ'. ನಂತರ ಸುಡುಬಿಸಿಲು, ಬಿರುಬಿಸಿಲು, ಉರಿಬಿಸಿಲು. ಬೇಸಿಗೆಯಲ್ಲಿ ಎಲ್ಲಕ್ಕಿಂತ ಮೇಲೆ ರಣಬಿಸಿಲು. 'ರಣ ರಣ' ಎಂದು ಎರಡು ಸಲ ಹೇಳಿದರೆ ಸಾಕು, ಬೀದಿ ಖಾಲಿಯಾಗಿ ನಾಯಿಯೂ ನೆರಳು ಹುಡುಕುವ ಚಿತ್ರ ಕಣ್ಣಿಗೆ ಬರುತ್ತದೆ. ಆಗ ಹೊಸಪೇಟೆಯಿಂದ ಕಂಪ್ಲಿಗೆ ಹೋಗುವ ಡಾಂಬರು ರಸ್ತೆಯಲ್ಲಿ ದೂರದಲ್ಲಿ ನೀರು ನಿಂತಂತೆ ಕಾಣುವುದು ಬಿಸಿಲುಗುದುರೆ. ಆಮೇಲೆ ಇಳಿಬಿಸಿಲು, ಸಂಜೆಬಿಸಿಲು.

ಇವು ಕವಿಗಳು ಅಲಂಕಾರಕ್ಕೆ ಮಾಡಿಕೊಂಡ ಪದಗಳಲ್ಲ, ದುಡಿಯುವವರ ಗಡಿಯಾರ. ನಾನು ಕಂಪ್ಲಿಯಲ್ಲಿ ಕೌಂಟರಿನಲ್ಲಿ ಕೂಡುತ್ತಿದ್ದ ವರ್ಷಗಳಲ್ಲಿ ಹಳ್ಳಿಯಿಂದ ಬಂದ ಹಿರಿಯರು ಗೋಡೆ ಗಡಿಯಾರ ನೋಡುತ್ತಿರಲಿಲ್ಲ. 'ಏರು ಬಿಸಲಾಗ ಬಂದೀನ್ರಿ, ರಣಬಿಸಲಾಗೂದ್ರಾಗ ಕಳಿಸಿಬಿಡ್ರಿ' ಎನ್ನುತ್ತಿದ್ದರು. ಹನ್ನೊಂದು, ಹನ್ನೆರಡು ಎಂಬ ಅಂಕಿಗಳಿಗಿಂತ ಆ ಮಾತು ನಮಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಪಾಸ್‌ಬುಕ್ ಬೇಗ ಕೈಗೆ ಕೊಟ್ಟು ಕಳಿಸುತ್ತಿದ್ದೆವು.

ತುಂಗಭದ್ರೆಯ ದಂಡೆಯ ಕಂಪ್ಲಿ ಭತ್ತದ ಸೀಮೆ. ಅಲ್ಲಿ ಬಿಸಿಲಿನ ವಯಸ್ಸು ಅನ್ನದ ಲೆಕ್ಕಕ್ಕೂ ಬರುತ್ತದೆ. ಎಳೆಬಿಸಿಲಿನಲ್ಲಿ ಇಬ್ಬನಿಯ ಪಸೆ ಇನ್ನೂ ಆರಿರುವುದಿಲ್ಲ, ಆಗಲೇ ಭತ್ತ ಹರವಿದರೆ ಪ್ರಯೋಜನವಿಲ್ಲ. ಹಾಗೆಂದು ರಣಬಿಸಿಲಿಗೆ ಹರವಿ ಮರೆತುಬಿಟ್ಟರೆ ಕಾಳು ಒಮ್ಮೆಲೇ ಒಣಗಿ ಒಳಗೊಳಗೇ ಸೀಳು ಬಿಡುತ್ತದೆ. ಮಿಲ್ಲಿಗೆ ಹಾಕಿದಾಗ ಅಕ್ಕಿಗಿಂತ ನುಚ್ಚೇ ಹೆಚ್ಚು. ಅದಕ್ಕೇ ಹರವಿದ ಭತ್ತವನ್ನು ಕಾಲಾಡಿಸುತ್ತಾ, ಮಗುಚುತ್ತಾ ಹದವಾಗಿ ಒಣಗಿಸುತ್ತಾರೆ. ಹಪ್ಪಳ, ಸಂಡಿಗೆಗಾದರೆ ಗಟ್ಟಿ ಬಿಸಿಲೇ ಬೇಕು. ಯಾವ ಕೆಲಸಕ್ಕೆ ಯಾವ ವಯಸ್ಸಿನ ಬಿಸಿಲು ಎಂಬ ತಿಳಿವಳಿಕೆ ನಮ್ಮ ಅಜ್ಜಿಯರ ನಾಲಿಗೆಯಲ್ಲೇ ಇತ್ತು.

ನೆರಳನ್ನು ಕೇಳಿ, ವಯಸ್ಸು ಹೇಳುತ್ತದೆ

ಬೆಳಗಿನ ಬಿಸಿಲು ಮೆತ್ತಗಿರುವುದೇಕೆ? ಸೂರ್ಯ ಬೆಳಿಗ್ಗೆ ಕಡಿಮೆ ಉರಿಯುವುದಿಲ್ಲ. ಅವನ ಕಿರಣ ಓರೆಯಾಗಿ ಬರುತ್ತದೆ. ರಾತ್ರಿ ಒಂದು ಟಾರ್ಚನ್ನು ನೆಲಕ್ಕೆ ನೇರವಾಗಿ ಹಿಡಿಯಿರಿ, ಸಣ್ಣ ದುಂಡು ಬೆಳಕು ಬೀಳುತ್ತದೆ. ಅದನ್ನೇ ಓರೆ ಮಾಡಿ, ಬೆಳಕು ಉದ್ದಕ್ಕೆ ಹರಡಿ ಮಂಕಾಗುತ್ತದೆ. ಎಳೆಬಿಸಿಲೂ ಹೀಗೆ ಹರಡಿಕೊಂಡ ಬಿಸಿಲು. ಜೊತೆಗೆ ಓರೆ ಕಿರಣ ಹೆಚ್ಚು ದೂರ ಗಾಳಿಯನ್ನು ದಾಟಿ ಬರಬೇಕು. ಸೂರ್ಯ ಅಂಚಿನಲ್ಲಿರುವಾಗ ಆ ದಾರಿ, ಸೂರ್ಯ ನೆತ್ತಿಯ ಮೇಲಿರುವಾಗಿನ ದಾರಿಗಿಂತ 30 ಪಟ್ಟಿಗೂ ಹೆಚ್ಚು ಉದ್ದ. ಅಷ್ಟು ದೂರ ನಡೆದು ಬಂದವರ ಕಸುವು ಕುಗ್ಗದೇ ಇರುತ್ತದೆಯೇ?

ಇದನ್ನು ಅಳೆಯಲು ಯಂತ್ರ ಬೇಡ, ನಿಮ್ಮ ನೆರಳೇ ಸಾಕು. ಸಮತಟ್ಟಾದ ಜಾಗದಲ್ಲಿ ನಿಂತು ನೋಡಿ. ನೆರಳು ನಿಮ್ಮ ಎರಡರಷ್ಟು ಅಥವಾ ಅದಕ್ಕಿಂತ ಉದ್ದವಿದ್ದರೆ ಎಳೆಬಿಸಿಲು ಎಂದು ನಾನು ಲೆಕ್ಕ ಇಟ್ಟುಕೊಂಡಿದ್ದೇನೆ. ನೆರಳು ನಿಮ್ಮಷ್ಟೇ ಆದರೆ ಬಿಸಿಲಿಗೆ ಹರೆಯ ಬಂತು. ನಿಮಗಿಂತ ಗಿಡ್ಡವಾದರೆ ಮನೆ ಸೇರುವ ಹೊತ್ತು. ಹೊಸಪೇಟೆಯಲ್ಲಿ ಮೇ ತಿಂಗಳ ಮೊದಲ ವಾರದಲ್ಲಿ ಸೂರ್ಯ ಆರು ಗಂಟೆಯ ಸುಮಾರಿಗೆ ಹುಟ್ಟುತ್ತಾನೆ. ಎರಡರಷ್ಟು ನೆರಳು ಎಂಟು ಗಂಟೆಗೆಲ್ಲ ಮುಗಿಯುತ್ತದೆ. ಒಂಬತ್ತೂಕಾಲಿಗೆ ನೆರಳು ನಿಮ್ಮಷ್ಟೇ. ಮಧ್ಯಾಹ್ನ ಹನ್ನೆರಡೂ ಇಪ್ಪತ್ತರ ಹೊತ್ತಿಗೆ ನೆರಳು ಕಾಲಡಿಯಲ್ಲಿ ಮಾಯ! ನಮ್ಮ ಭಾಗದಲ್ಲಿ ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೆಯ ವಾರ ಹೀಗೆ ನೆರಳಿಲ್ಲದ ದಿನಗಳು ಬರುತ್ತವೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದೇ ಆರೂ ಮುಕ್ಕಾಲಿಗೆ, ಎಳೆಬಿಸಿಲು ಒಂಬತ್ತರವರೆಗೂ ಉಳಿಯುತ್ತದೆ. ಎಳೆತನದ ಆಯಸ್ಸು ಎರಡೂ ಕಾಲದಲ್ಲಿ ಎರಡು ತಾಸಿನ ಆಸುಪಾಸೇ. ಬೇಸಿಗೆಯಲ್ಲಿ ಅದು ಬೇಗ ಬಂದು ಬೇಗ ಹೋಗುತ್ತದೆ, ತಡವಾಗಿ ಏಳುವವರಿಗೆ ಸಿಗುವುದಿಲ್ಲ.

ಊರು ಬದಲಾದರೆ ಈ ಲೆಕ್ಕವೂ ಸ್ವಲ್ಪ ಬದಲಾಗುತ್ತದೆ. ಸಂಡೂರು ಬೆಟ್ಟಸಾಲುಗಳ ನಡುವಿನ ಕಣಿವೆ. ಅಲ್ಲಿ ಗುಡ್ಡದ ಬುಡದಲ್ಲಿರುವ ಮನೆಗೆ ಸೂರ್ಯ ಕಾಣುವುದೇ ತಡವಾಗಿ. ಗುಡ್ಡ ಹತ್ತಿ ಇಣುಕುವ ಹೊತ್ತಿಗೆ ಬಿಸಿಲಿನ ಬಾಲ್ಯ ಅರ್ಧ ಕಳೆದಿರುತ್ತದೆ. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದು ಗಾಂಧೀಜಿ ಹೇಳಿದರೆಂಬ ಮಾತು ಆ ಕಡೆ ಬಾಯಿಂದ ಬಾಯಿಗೆ ನಡೆದು ಬಂದಿದೆ. ಮಳೆಯಲ್ಲಿ ತೊಳೆದ ಹಸಿರು ಗುಡ್ಡದ ಮೇಲೆ ಎಳೆಬಿಸಿಲು ಬಿದ್ದಾಗ ಆ ಮಾತಿಗೆ ವಿವರಣೆ ಬೇಕಾಗುವುದಿಲ್ಲ.

ಒಂದು ಪದ ಮರೆತರೆ ಏನಾಗುತ್ತದೆ?

ಈಗಿನ ಮಕ್ಕಳು ಮೊಬೈಲ್ ನೋಡಿ 'ತಾತ, ಇವತ್ತು ಮೂವತ್ತೊಂಬತ್ತು' ಎನ್ನುತ್ತಾರೆ. ಅಂಕಿ ಸರಿಯೇ ಇರಬಹುದು. ಆದರೆ ಹವಾಮಾನದವರು ಉಷ್ಣಾಂಶ ಅಳೆಯುವುದು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ ಇಟ್ಟ ಮಾಪಕದಿಂದ. ಮೂವತ್ತೊಂಬತ್ತು ಎಂಬುದು ನೆರಳಿನ ಲೆಕ್ಕ, ಬಿಸಿಲಿನದಲ್ಲ. ಹೊರಗೆ ಹೋಗಬೇಕೋ ಬೇಡವೋ, ಹೋದರೆ ಎಷ್ಟು ಹೊತ್ತಿನೊಳಗೆ ಮರಳಬೇಕು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಎಳೆಬಿಸಿಲು ಎಂಬ ಪದ ಹೇಳುತ್ತದೆ.

ಈ ತಿಳಿವಳಿಕೆ ಸರ್ಕಾರಕ್ಕೂ ಇದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿಯಿದೆ. ನಮ್ಮ ವಿಜಯನಗರ, ಬಳ್ಳಾರಿ ಜಿಲ್ಲೆಗಳೂ ಅದರಲ್ಲಿವೆ. ಎಳೆಬಿಸಿಲಿನಲ್ಲಿ ಮನೆ ಬಿಟ್ಟು ಕಚೇರಿ ಸೇರಬಹುದು. ಮನೆಗೆ ಹೊರಡುವಾಗ ಮಾತ್ರ ರಣಬಿಸಿಲು ಬಾಗಿಲಲ್ಲೇ ಕಾಯುತ್ತಿರುತ್ತದೆ, ಅದಕ್ಕೆ ಛತ್ರಿ ಮರೆಯಬಾರದು.

ಅಜ್ಜ ಅಜ್ಜಿಯರಿಗೂ ಒಂದು ಮಾತು. ಎಳೆಬಿಸಿಲಿನಲ್ಲಿ ಕೂತರೆ ವಿಟಮಿನ್ ಡಿ ಸಿಗುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಚರ್ಮದಲ್ಲಿ ಆ ವಿಟಮಿನ್ ತಯಾರಿಸುವ ಕಿರಣಗಳು ಓರೆ ಬಿಸಿಲಿನಲ್ಲಿ ಬಹಳ ಕಡಿಮೆ. ದೂರದ ಗಾಳಿಯ ದಾರಿಯಲ್ಲಿ ಅವು ಮೊದಲೇ ಸೋಸಿಹೋಗಿರುತ್ತವೆ. ನೆರಳು ನಮಗಿಂತ ಗಿಡ್ಡವಾದಾಗಲೇ ಅವು ಚೆನ್ನಾಗಿ ನೆಲ ಮುಟ್ಟುವುದು. ಹಾಗೆಂದು ರಣಬಿಸಿಲಿಗೆ ಹೋಗಿ ಕೂರಬೇಡಿ! ನಿಮಗೆ ಎಷ್ಟು ಬಿಸಿಲು ಬೇಕು, ಮಾತ್ರೆ ಬೇಕೇ ಎಂಬುದನ್ನು ವೈದ್ಯರೇ ಹೇಳಲಿ. ಎಳೆಬಿಸಿಲು ಕೊಡುವುದು ಬೇರೆಯದನ್ನು. ಹಿಡಿದ ಕೀಲಿಗೆ ಸ್ವಲ್ಪ ಶಾಖ, ಬೆವರದೆ ನಡೆಯುವ ಅನುಕೂಲ, ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ರಾತ್ರಿ ಹೊತ್ತಿಗೆ ಸರಿಯಾಗಿ ಬರುವ ನಿದ್ದೆ. ನಮ್ಮ ವಯಸ್ಸಿನವರಿಗೆ ಇದು ಸಣ್ಣ ಲಾಭವಲ್ಲ.

ಬೇಸಿಗೆಯ ಕಾವು ಹೆಚ್ಚು ಬಾಧಿಸುವುದು ಎರಡು ತುದಿಯವರನ್ನು: ಎಳೆಯರನ್ನು ಮತ್ತು ಮುದುಕರನ್ನು. ಆಟದ ಗುಂಗಿನಲ್ಲಿ ಮಕ್ಕಳಿಗೆ ಬಾಯಾರಿದ್ದು ತಿಳಿಯುವುದಿಲ್ಲ. ವಯಸ್ಸಾದವರಿಗೆ ಬಾಯಾರಿಕೆಯೇ ಸರಿಯಾಗಿ ಆಗುವುದಿಲ್ಲ. ತಲೆ ಸುತ್ತು, ವಾಕರಿಕೆ ಬಂದರೆ ಕೂಡಲೇ ನೆರಳಿಗೆ ಬನ್ನಿ, ನೀರು, ಮಜ್ಜಿಗೆ ಕುಡಿಯಿರಿ. ಮೈ ಸುಡುತ್ತಾ ಮಾತು ತೊದಲಿದರೆ ತಣ್ಣೀರು ಒರೆಸುತ್ತಾ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಎಳೆಯರಿಗೂ ಮುದುಕರಿಗೂ ಒಟ್ಟಿಗೆ ಒಪ್ಪುವ ಬಿಸಿಲು ದಿನದಲ್ಲಿ ಎರಡು ತಾಸು ಮಾತ್ರ. ಅದಕ್ಕೊಂದು ಹೆಸರಿದ್ದರೆ 'ಬಾ, ಎಳೆಬಿಸಿಲಿಗೆ ಒಂದು ಸುತ್ತು ಹೋಗಿ ಬರೋಣ' ಎಂದು ಕರೆಯಬಹುದು. ಹೆಸರೇ ಇಲ್ಲದಿದ್ದರೆ ಏನೆಂದು ಕರೆಯುವುದು?

ಮಕ್ಕಳೇ, ಈ ಭಾನುವಾರ ಒಂದು ಕೆಲಸ ಮಾಡಿ. ಅಜ್ಜ ಅಥವಾ ಅಜ್ಜಿಯ ಜೊತೆ ಬೆಳಿಗ್ಗೆ ಬೇಗ ಅಂಗಳಕ್ಕೋ ಮಾಳಿಗೆಗೋ ಹೋಗಿ ಒಂದು ಕೋಲು ನೆಡಿ. ಅರ್ಧ ಗಂಟೆಗೊಮ್ಮೆ ಅದರ ನೆರಳಿನ ತುದಿಗೆ ಒಂದು ಕಲ್ಲಿಡಿ. ಪ್ರತಿ ಕಲ್ಲಿಡುವಾಗಲೂ 'ಈಗಿನ ಬಿಸಿಲಿಗೆ ಏನಂತಾರೆ?' ಎಂದು ಕೇಳಿ, ಅವರು ಹೇಳಿದ ಪದವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ನಾನು ಇಲ್ಲಿ ಬರೆಯದ ಪದವೊಂದು ನಿಮ್ಮ ಮನೆಯಲ್ಲಿ ಸಿಗುವ ಸಂಭವ ಬಹಳ. ಕೋಲಿನ ನೆರಳು ಕೋಲಿನಷ್ಟೇ ಆದಾಗ ಆಟ ನಿಲ್ಲಿಸಿ ಒಳಗೆ ಬನ್ನಿ, ಅಜ್ಜಿಗೆ ಒಂದು ಲೋಟ ಮಜ್ಜಿಗೆ ಕೊಡಿ.